ಈ ತಿಂಗಳ ಇಪ್ಪತ್ತಾರು

ಅರಬರ ನಾಡಿನ ಯಾನ್ಬುವಿನಲ್ಲಿದ್ದ ನಮ್ಮ ಕಂಪನಿಯಲ್ಲಿ ಯಾರಿಗೇ ಆಗಲಿ ಹೊರಗಿನ ಲೈನು ಬೇಕಾದರೆ ನನ್ನ ಹತ್ತಿರ ಬರಬೇಕಾಗಿತ್ತು. ಬೇರೆ ಮೇಜುಗಳ ಫೋನಿನಲ್ಲಿ ಸೊನ್ನೆ ಒತ್ತಿದರೆ ಕುಂಯ್ ಎಂದು ಒಂದು ಸದ್ದು ಬರುತ್ತಿತ್ತು, ಅಷ್ಟೆ. ಬಾಗಿಲ ಬಳಿಯ ಸಣ್ಣ ಕೋಣೆ ನನ್ನದು. ಒಂದು ಕಡೆ ಟೆಲಿಫೋನ್ ಬೋರ್ಡು, ಇನ್ನೊಂದು ಕಡೆ ಚಹಾದ ಕೆಟ್ಲು. ಊರಿನಿಂದ ಬರುವ ಸುದ್ದಿಯೆಲ್ಲ ಆ ಕೋಣೆಯ ಮೇಲೆ ಹಾದೇ ಒಳಗೆ ಹೋಗಬೇಕು. ಲೈನು ಕೊಟ್ಟ ಮೇಲೆ ನಾನು ರಿಸೀವರ್ ಇಟ್ಟುಬಿಡುತ್ತಿದ್ದೆ, ಇನ್ನೊಬ್ಬರ ಮಾತು ಕೇಳುವುದು ಸರಿಯಲ್ಲ. ಆದರೂ ಮಾತು ಮುಗಿಸಿ ಎದ್ದವರ ಮುಖ ನೋಡಿದರೆ ಗೊತ್ತಾಗುತ್ತದಲ್ಲ.

ಲಿಂಗರಾಜು ಅವರ ಮುಖವನ್ನು ನಾನು ಹಾಗೆ ಎರಡು ಸಲ ನೋಡಿದ್ದೆ. ನಂಜನಗೂಡಿನ ಕಡೆಯವರು. ಕಂಪನಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೊಬ್ಬರೇ. ಹೆಂಡತಿ ರತ್ನಪ್ರಭಾ ಮೈಸೂರಿನಲ್ಲಿ ತಾಯಿಯ ಮನೆಯಲ್ಲಿದ್ದರು. ಎರಡು ಸಲ ಹೊಟ್ಟೆಯಲ್ಲೇ ಮಗು ಹೋಗಿತ್ತು. ಎರಡು ಸಲವೂ ಆ ಸುದ್ದಿ ಬಂದದ್ದು ನನ್ನ ಬೋರ್ಡಿಗೆ, ಎರಡು ಸಲವೂ ಅವರು ಇದ್ದದ್ದು ಯಾನ್ಬುವಿನಲ್ಲಿ. ಮೂರನೆಯ ಸಲ ತಿಂಗಳು ತುಂಬುತ್ತಾ ಬಂದಾಗ ಅವರು ಹೆಂಡತಿಗೆ ಮಾತು ಕೊಟ್ಟಿದ್ದರು: ಈ ಸಲ ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ. ರಜೆಗೆ ಮುದೀರ್, ಅಂದರೆ ನಮ್ಮ ಮ್ಯಾನೇಜರ್ ಅಬೂ ತಲಾಲ್, ಸಹಿ ಹಾಕಿ ಆಗಿತ್ತು. ಬುಧವಾರ ಜಿದ್ದಾದಿಂದ ವಿಮಾನ. ಎಲ್ಲರ ಪಾಸ್‌ಪೋರ್ಟೂ ಮುದೀರರ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಹೊರಗೆ ಹೋಗುವ ಮೊಹರು ಹಾಕಿಸಿ ಮಂಗಳವಾರ ಕೈಗೆ ಕೊಡುತ್ತೇನೆ ಎಂದಿದ್ದರು.

"ಎಂತ ಎಂಜಿನಿಯರ್ರೇ, ಸೂಟ್‌ಕೇಸ್ ಕಟ್ಟಿ ಆಯ್ತಾ?" ಎಂದು ಕೇಳಿದ್ದೆ.

"ಎಲ್ಲಾ ಹಿಡೀತು ಕಾಕಾ, ತೊಟ್ಟಿಲಿಗೆ ಕಟ್ಟೋ ಗೊಂಬೆ ಒಂದು ಹಿಡೀತಿಲ್ಲ. ಕೀಲಿ ಕೊಟ್ರೆ ತಿರುಗ್ತಾ ಹಾಡುತ್ತೆ."

"ಹುಟ್ಟುವ ಮೊದಲೇ ತಗೊಂಡ್ರಾ?"

"ತಗೋಬಾರ್ದು ಅಂತಾಳೆ ಅವಳು. ಅದಕ್ಕೇ ಹೇಳಿಲ್ಲ. ನಿಮ್ಮ ಮೇಜಿನ ಕೆಳಗೆ ಇಟ್ಕೊಂಡಿರಿ ಕಾಕಾ. ರೂಮಲ್ಲಿಟ್ರೆ ಹುಡುಗರು ಕೀಲಿ ತಿರುಗಿಸಿ ತಿರುಗಿಸಿ ಮುರೀತಾರೆ."

ಹಾಗೆ ಆ ಗೊಂಬೆಯ ಪೆಟ್ಟಿಗೆ ನನ್ನ ಮೇಜಿನ ಕೆಳಗೆ ಬಂತು.

ಅದು ತೊಂಬತ್ತೊಂಬತ್ತನೆಯ ಇಸವಿ. ಇಂಟರ್ನೆಟ್ ಎಂಬುದು ಆ ದೇಶದಲ್ಲಿ ಸಾಮಾನ್ಯ ಜನಕ್ಕೆ ಸಿಕ್ಕಿ ಕೆಲವು ತಿಂಗಳಷ್ಟೇ ಆಗಿತ್ತು. ನಮ್ಮ ಕಂಪನಿಗೂ ಬಂದಿತ್ತು. ಅದು ನಡೆಯುತ್ತಿದ್ದದ್ದೂ ನನ್ನ ಬೋರ್ಡಿನ ಒಂದು ಲೈನಿನ ಮೇಲೇ. ಲಿಂಗರಾಜು ಅದಕ್ಕೆ ಕುಳಿತರೆ ಆ ಲೈನಿನಲ್ಲಿ ಕಪ್ಪೆ ವಟಗುಟ್ಟಿದ ಹಾಗೆ, ಹಕ್ಕಿ ಕಿರುಚಿದ ಹಾಗೆ ಸದ್ದು.

ಶನಿವಾರ ಬೆಳಿಗ್ಗೆ, ವಾರದ ಮೊದಲ ದಿನ, ಅವರು ಒಂದು ಹಾಳೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಚಹಾ ಕೊಟ್ಟೆ. ಕುಡಿಯಲಿಲ್ಲ.

"ಇದು ಬುಧವಾರ ರಾತ್ರಿಯೇ ಬಂದು ಬಿದ್ದಿದೆ ಕಾಕಾ. ಆಗ ನಮಗೆ ಆಫೀಸ್ ಮುಚ್ಚಿತ್ತು. ಗುರುವಾರ ಶುಕ್ರವಾರ ನಮಗೆ ರಜ. ಈಗ ನಾನು ಏನಾದ್ರೂ ಕೇಳೋಣ ಅಂದ್ರೆ ಅವರಿಗೆ ಶನಿವಾರ ಭಾನುವಾರ ರಜ. ವಾರದಲ್ಲಿ ನಾವೂ ಅವರೂ ಒಟ್ಟಿಗೆ ಎಚ್ಚರ ಇರೋದು ಮೂರೇ ದಿನ."

"ಯಾರು ಅವರು?"

"ಅಮೆರಿಕದಲ್ಲಿ ಒಂದು ತಂಡ. ಕಂಪ್ಯೂಟರುಗಳಿಗೆ ಏನಾದ್ರೂ ರೋಗ ಬಂದ್ರೆ ಊರೂರಿಗೆ ತಿಳಿಸೋರು."

"ಪೊಲೀಸರಾ?"

"ಅಲ್ಲ. ನಿಮ್ಮ ಕಡೆ ಕಡಲಿಗೆ ಹೋಗೋರಿಗೆ ರೇಡಿಯೋದಲ್ಲಿ ಹೇಳ್ತಾರಲ್ಲ, ಗಾಳಿ ಬರುತ್ತೆ, ದೋಣಿ ಇಳಿಸಬೇಡಿ ಅಂತ. ಹಾಗೆ."

"ದೋಣಿ ಮಗುಚಿದ್ರೆ ಅವ್ರು ಬಂದು ಎತ್ತುದಾ?"

ಲಿಂಗರಾಜು ನಕ್ಕರು. "ಬರೋದಿಲ್ಲ ಕಾಕಾ. ಎಲ್ಲಿ ಮಗುಚಿತು, ಹೇಗೆ ಮಗುಚಿತು ಅಂತ ನಾವು ಹೇಳಿದ್ರೆ ಇನ್ನೊಬ್ಬರಿಗೆ ಹೇಳ್ತಾರೆ. ಅವರು ಮತ್ತೊಬ್ಬರಿಗೆ. ಒಂದೊಂದು ದೇಶದಲ್ಲಿ ಒಂದೊಂದು ತಂಡ ಇದೆ, ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸ್ತಾರೆ. ಇಲ್ಲಿ ಇನ್ನೂ ಆಗಿಲ್ಲ. ನಮ್ಮ ದೇಶದಲ್ಲೂ ಇದ್ದ ಹಾಗಿಲ್ಲ. ಅದಕ್ಕೇ ನಾವೇ ಕೆಲವರು ಫೋನ್ ನಂಬರ್ ಇಟ್ಕೊಂಡಿರೋದು."

ಅವರ ಆ ಕೆಲವರು ನನಗೆ ಗೊತ್ತಿದ್ದವರೇ, ಗೊತ್ತು ಅಂದರೆ ಸ್ವರದಿಂದ. ರಿಯಾದಿನ ಒಲಾಯಾದಲ್ಲಿ ಸಂಪತ್ ಅಂತ ಬೆಂಗಳೂರಿನ ಹುಡುಗ, ಅಲ್ಲಿಯ ಒಂದು ದೊಡ್ಡ ಆಫೀಸಿನಲ್ಲಿ ಇದೇ ಕೆಲಸ. ಖಮೀಸ್ ಮುಶೈತಿನ ಆಸ್ಪತ್ರೆಯಲ್ಲಿ ಜ್ಯೋತ್ಸ್ನಾ ಅಂತ ನರ್ಸಮ್ಮ. ಆಕೆ ಕಂಪ್ಯೂಟರಿನವರಲ್ಲ, ರತ್ನಪ್ರಭಾ ಅವರ ಶಾಲೆಯ ಗೆಳತಿ. ಆದರೆ ಅಲ್ಲಿ ರೋಗಿಗಳ ದಾಖಲೆಯ ಯಂತ್ರಕ್ಕೆ ಏನಾದರೂ ಆದರೆ ಕೇಳಲು ಬೇರೆ ಯಾರೂ ಇಲ್ಲದೆ ಲಿಂಗರಾಜುವನ್ನೇ ಕೇಳುತ್ತಿದ್ದರು. ಅವರವರ ಗುರುತಿನವರು ಜುಬೈಲ್, ದಮ್ಮಾಮ್ ಅಂತ ಇನ್ನೂ ಅಲ್ಲಲ್ಲಿ. ಒಬ್ಬರಿಗೆ ಏನಾದರೂ ಗೊತ್ತಾದರೆ ಮೊದಲು ಮಾಡುವ ಕೆಲಸ ಇನ್ನೊಬ್ಬರಿಗೆ ಹೇಳುವುದು. ಅದು ಅವರೊಳಗಿನ ಕರಾರು.

ಹಾಳೆಯಲ್ಲಿದ್ದ ವಿಷಯ ಇಷ್ಟು. ಒಂದು ವೈರಸ್ ಯಂತ್ರದೊಳಗೆ ಸದ್ದಿಲ್ಲದೆ ಕುಳಿತಿರುತ್ತದೆ. ಏಪ್ರಿಲ್ ಇಪ್ಪತ್ತಾರರಂದು ಯಂತ್ರದ ಸ್ವಿಚ್ ಹಾಕಿದರೆ ಒಳಗಿದ್ದದ್ದನ್ನೆಲ್ಲ ಒರೆಸಿಹಾಕುತ್ತದೆ, ಯಂತ್ರ ಮತ್ತೆ ಏಳದ ಹಾಗೆ ಮಾಡುತ್ತದೆ. ಇಪ್ಪತ್ತಾರು ಅಂದರೆ ಬರುವ ಸೋಮವಾರ. ಯಾವ ಯಂತ್ರದಲ್ಲಿ ಅದು ಕುಳಿತಿದೆ ಎಂದು ಲಿಂಗರಾಜುವಿಗೆ ಗೊತ್ತಿರಲಿಲ್ಲ. ವೈರಸ್ ಹುಡುಕುವ ಹೊಸ ಪ್ರೋಗ್ರಾಮು ನನ್ನ ಆ ಲೈನಿನ ಮೇಲೆ ಇಳಿಯುವುದಕ್ಕೆ ಬಹಳ ಹೊತ್ತು ಬೇಕು, ನಡುವೆ ಕಡಿದು ಕಡಿದು ಹೋಗುತ್ತಿತ್ತು. ಸಂಪತ್‌ಗೆ ಫೋನ್ ಮಾಡಿದರು. "ನಮ್ಮಲ್ಲಿ ಏನೂ ಇಲ್ಲ ಗುರು, ನಾನು ನೋಡಿದೀನಿ" ಎಂದು ಅವನು ಅಂದನಂತೆ. ಇವರಿಗೆ ಅಷ್ಟು ಸಾಲಲಿಲ್ಲ. ಸೋಮವಾರ ಒಂದು ದಿನ ಯಾವ ಯಂತ್ರವನ್ನೂ ಹಾಕದಿದ್ದರೆ ಸಾಕು, ಮಂಗಳವಾರದಿಂದ ನಿಧಾನವಾಗಿ ಶುಚಿ ಮಾಡಬಹುದು. ಅದಕ್ಕೆ ಮುದೀರರ ಅಪ್ಪಣೆ ಬೇಕು.

ಅಬೂ ತಲಾಲ್ ಒಳ್ಳೆಯ ಮನುಷ್ಯ. ರಂಜಾನಿನಲ್ಲಿ ಖರ್ಜೂರದ ತಟ್ಟೆ ತಾನೇ ಹಿಡಿದುಕೊಂಡು ನನ್ನ ಕೋಣೆಗೆ ಬರುವವರು. ಮೊದಲು ನಗರಸಭೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ಇಂಗ್ಲಿಷ್ ಓದಲು ಬಾರದು. ಅವರಿಗೆ ಯಾವ ಕಾಗದ ಹೋಗಬೇಕಾದರೂ ನೂರುದ್ದೀನ್ ಅದನ್ನು ಅರಬಿಯಲ್ಲಿ ಬರೆಯಬೇಕು. ನೂರುದ್ದೀನ್ ಭಟ್ಕಳದವನು, ಮುದೀರರ ಸೆಕ್ರೆಟರಿ, ಅರಬಿ ಬರೆದರೆ ಮುತ್ತು ಪೋಣಿಸಿದ ಹಾಗೆ. ಲಿಂಗರಾಜು ಇಂಗ್ಲಿಷಿನಲ್ಲಿ ಬರೆದುಕೊಟ್ಟರು: ಈ ತಿಂಗಳ ಇಪ್ಪತ್ತಾರರಂದು ಕಂಪ್ಯೂಟರುಗಳಿಗೆ ದೊಡ್ಡ ಅಪಾಯ ಇದೆ, ಅಂದು ಪೂರ್ತಿ ಕೆಲಸ ನಿಲ್ಲಿಸಲು ಅಪ್ಪಣೆ ಕೊಡಬೇಕು. ನೂರುದ್ದೀನ್ ಅದನ್ನು ಹಾಗೇ ಅರಬಿಗೆ ಇಳಿಸಿದ. ಕಾಗದ ಒಳಗೆ ಹೋಯಿತು, ಹಸಿರು ಮಸಿಯಲ್ಲಿ ಒಂದು ಸಾಲು ಬರೆಸಿಕೊಂಡು ಹೊರಗೆ ಬಂತು: ಮುಂದಿನ ವಾರ ನೋಡೋಣ.

"ಮುಂದಿನ ವಾರ?" ಎಂದರು ಲಿಂಗರಾಜು. "ಮುಂದಿನ ವಾರ ಏನು ನೋಡೋದು, ಹೆಣಾನಾ?"

"ಮುದೀರ್ ಓದಿಯೇ ಬರೆದದ್ದು. ನಾನು ಎಂತ ಮಾಡ್ಲಿ?" ಎಂದ ನೂರುದ್ದೀನ್.

ಇವರು ಒಳಗೆ ಹೋಗಿ ಕೇಳೋಣ ಅನ್ನುವಷ್ಟರಲ್ಲಿ ಮುದೀರ್ ಕಾರು ಹತ್ತಿ ಆಗಿತ್ತು. ಜಿದ್ದಾದಲ್ಲಿ ಕಫೀಲರ, ಅಂದರೆ ಮಾಲೀಕರ ಹತ್ತಿರ ಕೆಲಸ, ಸೋಮವಾರ ವಾಪಸು. ಭಾನುವಾರ ನಾನು ಜಿದ್ದಾಕ್ಕೆ ಲೈನು ಹಾಕಿದೆ. ಮಜ್ಲಿಸಿನ ಸಭೆಯಲ್ಲಿ ಕೂತಿದ್ದಾರೆ, ಆಮೇಲೆ ಮಾಡುತ್ತಾರೆ ಎಂದು ಉತ್ತರ ಬಂತು. ಮತ್ತೆ ಹಾಕಿದೆ. ಮತ್ತೆ ಅದೇ.

ಸಂಜೆ ಲಿಂಗರಾಜು ತಾವೇ ಒಂದೊಂದು ಯಂತ್ರದ ಗಾಜಿನ ಮೇಲೂ ಕಾಗದ ಅಂಟಿಸಿದರು: ನಾಳೆ ಹಾಕಬೇಡಿ. ನೂರುದ್ದೀನ್ ಕೈಕಟ್ಟಿ ನೋಡುತ್ತಾ ನಿಂತಿದ್ದ.

"ಅಲ್ಲ ಮಾರಾಯ, ಮುದೀರರ ಹಸಿರು ಮಸಿಯ ಮೇಲೆ ನಿನ್ನ ಗೋಂದು ಅಂಟ್ತದಾ?"

"ನೂರುದ್ದೀನ್ ಭಾಯ್, ಒಂದು ದಿನ. ಒಂದೇ ದಿನ. ನಾನು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತ್ಕೋತೀನಿ. ಬೈಗುಳ ನನಗಿರಲಿ."

"ಬುಧವಾರ ವಿಮಾನ ಹತ್ತುವವ ಬೈಗುಳಕ್ಕೆ ಹೆದರ್ತಾನಾ? ಇಲ್ಲಿ ಉಳಿಯುವವ ನಾನು."

ಮಾತು ನಗುವಿನಲ್ಲೇ ಮುಗಿಯಿತು. ಲಿಂಗರಾಜು ಹೋದ ಮೇಲೆ ಜಿದ್ದಾದಿಂದ ಮುದೀರರ ಫೋನ್ ಬಂತು. ಅಂತೂ ಬಂತಲ್ಲ ಎಂದು ನೂರುದ್ದೀನನಿಗೆ ಕೊಟ್ಟೆ. ಅವರು ಹೇಳಿದ್ದು ಬೇರೆಯೇ. ಮಾರನೆಯ ದಿನ ಮೊಹರಮ್ ಹತ್ತು, ಆಶೂರಾ, ನಮ್ಮಲ್ಲಿ ಹೆಚ್ಚಿನವರು ಉಪವಾಸ. ಬೆಳಗಿನ ಜಾವದ ಸುಬಹಿ ನಮಾಜು ಮುಗಿಸಿ ನೇರ ಕೆಲಸಕ್ಕೆ ಬನ್ನಿ, ಬಿಸಿಲು ಏರುವ ಮೊದಲು ಮುಗಿಸಿ ಮನೆಗೆ ಹೋಗಿ, ರಿಫೈನರಿಗೆ ಕೊಡಬೇಕಾದ ಸ್ಟಾಕಿನ ಲೆಕ್ಕ ಮಾತ್ರ ಹೊರಟಿರಲಿ. ಉಪವಾಸದವರ ಮೇಲಿನ ಕನಿಕರದಿಂದ ಹೇಳಿದ ಮಾತು. ಕಂಪ್ಯೂಟರಿನ ವಿಷಯ ನೂರುದ್ದೀನ್ ಎತ್ತಿದನಂತೆ. "ಅದಕ್ಕೆ ಬರೆದಿದ್ದೇನಲ್ಲ, ಮುಂದಿನ ವಾರ" ಎಂದು ಫೋನ್ ಇಟ್ಟರಂತೆ.

ಬೆಳಿಗ್ಗೆ ನಾನೂ ಉಪವಾಸ. ಕೆಟ್ಲು ತಣ್ಣಗಿತ್ತು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ನೂರುದ್ದೀನ್ ಬಂದು ಕಾಗದಗಳನ್ನು ಒಂದೊಂದಾಗಿ ಕಿತ್ತು ಉಂಡೆ ಮಾಡಿ ಬುಟ್ಟಿಗೆ ಹಾಕುತ್ತಿದ್ದ.

"ನೂರು, ಎಂಜಿನಿಯರ್ರು ಬರ್ಲಿ ಮಾರಾಯ," ಎಂದೆ.

"ಅವನು ಬರುವಾಗ ಏಳು ಗಂಟೆ ಆಗ್ತದೆ ಕಾಕಾ. ಅಷ್ಟರಲ್ಲಿ ನಾನು ಮುಗಿಸಿ ಮನೆಗೆ ಹೋಗ್ಬೇಕು. ನೀವು ನಿಮ್ಮ ಫೋನು ನೋಡಿ."

ಫೋನೇ ನೋಡಿದೆ. ಲಿಂಗರಾಜು ಇದ್ದ ಕ್ಯಾಂಪಿನ ಗೇಟಿಗೆ ಹಾಕಿದೆ. ಗಂಟೆ ಹೊಡೆಯಿತು, ಹೊಡೆಯಿತು. ಕಾವಲುಗಾರ ಎಲ್ಲಿ ಹೋಗಿದ್ದನೋ. ಒಳಗೆ ಯಂತ್ರಗಳು ಒಂದರ ಹಿಂದೆ ಒಂದು ಗುಂಯ್ ಎಂದು ಏಳುವುದು ಕೇಳಿಸಿತು. ಗೇಟಿನ ಫೋನು ಇನ್ನೂ ಹೊಡೆಯುತ್ತಲೇ ಇತ್ತು. ಆಮೇಲೆ ನೂರುದ್ದೀನನ ಸ್ವರ:

"ಕಾಕಾ, ಕರೆಂಟು ಹೋಯ್ತಾ?"

ಕರೆಂಟು ಹೋಗಿರಲಿಲ್ಲ. ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಗಾಜುಗಳು ಮಾತ್ರ ಕಪ್ಪಾಗಿದ್ದವು. ನೂರುದ್ದೀನ್ ಒಂದನ್ನು ಬಿಟ್ಟು ಇನ್ನೊಂದಕ್ಕೆ ಓಡಿದ. ಅಲ್ಲಿಯೂ ಚಿತ್ರ ಮೂಡಿ, ನಿಂತು, ಮತ್ತೆ ಕಪ್ಪು.

ಲಿಂಗರಾಜು ಬಂದರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಲಿಲ್ಲ. ಜ್ವರ ನೋಡುವ ಹಾಗೆ ಒಂದೊಂದು ಯಂತ್ರದ ಮೇಲೂ ಕೈಯಿಟ್ಟುಕೊಂಡು ಹೋದರು. ಗೋಡೌನಿನ ಮೂಲೆಯಲ್ಲಿದ್ದ ಒಂದು ಯಂತ್ರ ಮಾತ್ರ ಬದುಕಿತ್ತು. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಸ್ವಲ್ಪ ಹೊತ್ತು ಯೋಚಿಸಿದರು.

"ಇದಕ್ಕೆ ಲೆಕ್ಕದ ಸೀಡಿ ಹಾಕಿರಲಿಲ್ಲ," ಎಂದರು. "ಸತ್ತಿರೋದಕ್ಕೆಲ್ಲ ಹಾಕಿದೀನಿ. ಜಿದ್ದಾದ ಅಂಗಡಿಯವನು ಕೊಟ್ಟ ಸೀಡಿ. ಅದರೊಳಗೇ ಬಂದಿದೆ."

ಆಮೇಲೆ ಓಡುತ್ತಾ ನನ್ನ ಕೋಣೆಗೆ ಬಂದರು. "ಕಾಕಾ, ಲೈನು ಕೊಡಿ. ಒಲಾಯಾ."

"ಮೊದಲು ಮುದೀರರಿಗೆ ಮಾಡುವನಾ?" ಎಂದೆ.

ಅವರು ಗಡಿಯಾರ ನೋಡಿದರು. "ಅಲ್ಲಿ ಈಗ ಬಾಗಿಲು ತೆಗೆಯೋ ಹೊತ್ತು. ಅದೇ ಅಂಗಡಿಯವನು ಅವರಿಗೂ ಅದೇ ಸೀಡಿ ಕೊಟ್ಟಿದಾನೆ. ಮುದೀರ್ ಫೋನ್ ಎತ್ತಿದ್ರೂ ನಮ್ಮದು ಏಳೋದಿಲ್ಲ ಕಾಕಾ. ಅವರದ್ದು ಇನ್ನೂ ಸತ್ತಿಲ್ಲ."

ಲೈನು ಕೊಟ್ಟೆ. ಈ ಸಲ ರಿಸೀವರ್ ಇಡಲು ಮರೆತೆ.

"ಸಂಪತ್, ಹಾಕಿದೀಯಾ?"

"ಏನ್ ಗುರು ಬೆಳಬೆಳಗ್ಗೆ? ಈಗ ಬ್ಯಾಗ್ ಕೆಳಗಿಡ್ತಿದೀನಿ. ಚಹಾನಾದ್ರೂ..."

"ಯಾವುದನ್ನೂ ಮುಟ್ಟಬೇಡ. ಮೈನ್ ಸ್ವಿಚ್ಚೇ ತೆಗೆದುಬಿಡು. ಆ ಲೆಕ್ಕದ ಸೀಡಿಯಲ್ಲಿದೆ ಅದು. ನಮ್ಮದು ಎಲ್ಲಾ ಹೋಯ್ತು."

"ಎಲ್ಲಾನಾ?"

"ಎಲ್ಲಾ. ಮೊದಲು ಸ್ವಿಚ್ ತೆಗಿ ಮಾರಾಯ."

ಫೋನು ಮೇಜಿನ ಮೇಲೆ ಬಿದ್ದ ಸದ್ದು, ಯಾರೋ ಓಡಿದ ಸದ್ದು, ದೂರದಲ್ಲಿ ಅವನು ಯಾರಿಗೋ "ಲಾ! ಲಾ!", ಬೇಡ ಬೇಡ ಎಂದು ಅರಬಿಯಲ್ಲಿ ಕೂಗುವುದು. ಮತ್ತೆ ಬಂದು ಏದುಸಿರು ಬಿಡುತ್ತಾ, "ತೆಗೆದೆ ಗುರು" ಎಂದ.

ಆಮೇಲೆ ಖಮೀಸ್. ಜ್ಯೋತ್ಸ್ನಾ ರಾತ್ರಿ ಪಾಳಿ ಮುಗಿಸಿ ಹೊರಡುತ್ತಿದ್ದರಂತೆ. "ಲಿಂಗಣ್ಣ, ರತ್ನಂಗೆ ಏನಾದ್ರೂ..." ಎಂದು ಹೆದರಿ ಕೇಳಿದರು. ಅಲ್ಲ ಎಂದು ವಿಷಯ ಹೇಳಿದಾಗ, ಆ ಕೋಣೆಗೆ ಬೀಗ ಹಾಕಿಸಿ ನಾನೇ ಬಾಗಿಲಲ್ಲಿ ಕೂತುಕೊಳ್ಳುತ್ತೇನೆ ಎಂದರು. ಜುಬೈಲಿಗೆ ಸಂಪತ್ ಹೇಳಬೇಕು, ಅಲ್ಲಿಂದ ದಮ್ಮಾಮಿಗೆ. ಅಮೆರಿಕದ ತಂಡಕ್ಕೆ ಬರೆಯಲು ಲಿಂಗರಾಜುವಿನ ಹತ್ತಿರ ಈಗ ಇಂಟರ್ನೆಟ್ ಇರುವ ಯಂತ್ರವಿರಲಿಲ್ಲ. ಏನಾಯಿತು, ಹೇಗಾಯಿತು, ಯಾವ ಸೀಡಿ ಎಂದು ಬಾಯಲ್ಲೇ ಹೇಳಿ ಸಂಪತ್‌ನಿಂದ ಬರೆಸಿ, ಹೊರಗಿನ ಅಂಗಡಿಯಿಂದ ಫ್ಯಾಕ್ಸ್ ಮಾಡಲು ಹೇಳಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಈಗ ಮುದೀರ್."

ಮುದೀರ್ ಆಗಲೇ ಜಿದ್ದಾ ಬಿಟ್ಟಿದ್ದರು, ದಾರಿಯಲ್ಲಿದ್ದರು. ಸಿಗಲಿಲ್ಲ.

ಬಂದದ್ದು ಲುಹರ್, ಅಂದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ. ಉಪವಾಸದ ಮುಖ, ದಾರಿಯ ಧೂಳು. ನಮ್ಮನ್ನೆಲ್ಲ ಒಳಗೆ ಕರೆದರು. ಲಿಂಗರಾಜು ಇಂಗ್ಲಿಷಿನಲ್ಲಿ ಹೇಳಿದರು, ನೂರುದ್ದೀನ್ ಅರಬಿಯಲ್ಲಿ ಹೇಳಿದ.

"ನೀನು ಬರೆದದ್ದು ಇಪ್ಪತ್ತಾರು," ಎಂದರು ಮುದೀರ್. ಸಿಟ್ಟಿರಲಿಲ್ಲ, ಗಾಬರಿ ಇತ್ತು. "ಈ ತಿಂಗಳ ಇಪ್ಪತ್ತಾರು." ಎದ್ದು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. "ಇವತ್ತು ಹತ್ತು. ಮೊಹರಮ್ ಹತ್ತು! ಇಪ್ಪತ್ತಾರು ಇನ್ನೂ ಇಲ್ಲಿದೆ, ಈ ಕೆಳಗಿನ ಸಾಲಿನಲ್ಲಿ. ಅದಕ್ಕೇ ಮುಂದಿನ ವಾರ ಎಂದೆ. ಸಾಕಷ್ಟು ಮೊದಲೇ ಎಂದೆ!"

ಆ ಕ್ಯಾಲೆಂಡರ್ ನಾವೆಲ್ಲ ದಿನಾ ನೋಡುತ್ತಿದ್ದದ್ದೇ. ಹಬ್ಬಕ್ಕೆ, ಉಪವಾಸಕ್ಕೆ ಒಂದು ಲೆಕ್ಕ, ಸಂಬಳಕ್ಕೆ, ವಿಮಾನಕ್ಕೆ ಇನ್ನೊಂದು ಲೆಕ್ಕ ಎಂದು ನಾವು ಎರಡನ್ನೂ ತಲೆಯೊಳಗೆ ಬೇರೆ ಬೇರೆ ಇಟ್ಟುಕೊಂಡು ಬದುಕಿದವರು. ಅಬೂ ತಲಾಲ್ ಹುಟ್ಟಿದ್ದು, ಓದಿದ್ದು, ನಗರಸಭೆಯಲ್ಲಿ ಕೆಲಸ ಮಾಡಿದ್ದು ಎಲ್ಲ ಒಂದೇ ಲೆಕ್ಕದಲ್ಲಿ. ಅವರಿಗೆ ಈ ತಿಂಗಳು ಎಂದರೆ ಮೊಹರಮ್. ನೂರುದ್ದೀನ್ ನೆಲ ನೋಡುತ್ತಿದ್ದ. ಏಪ್ರಿಲ್ ಎಂಬ ಒಂದು ಪದ ಅವನೂ ಬರೆದಿರಲಿಲ್ಲ, ಲಿಂಗರಾಜುವೂ ಬರೆದಿರಲಿಲ್ಲ. ಮುದೀರ್ ಕುಳಿತುಬಿಟ್ಟರು. ಅಲ್ಲಿಗೇ ಮುಗಿದಿದ್ದರೆ ಯಾರ ತಪ್ಪೂ ಅಲ್ಲದ ಒಂದು ನಷ್ಟ ಎಂದು ಎಲ್ಲರೂ ಮನೆಗೆ ಹೋಗುತ್ತಿದ್ದೆವು.

ಅಷ್ಟರಲ್ಲಿ ನನ್ನ ಬೋರ್ಡು ಹೊಡೆಯಿತು. ಜಿದ್ದಾದಿಂದ ಕಫೀಲ್. ಲೈನು ಮುದೀರರಿಗೆ ಕೊಟ್ಟೆ. ಆ ಕಡೆಯ ಕೂಗು ಬಾಗಿಲಿನ ಹೊರಗೆ ನಿಂತವರಿಗೂ ಕೇಳುತ್ತಿತ್ತು.

ಆದದ್ದು ಇಷ್ಟು. ಒಲಾಯಾದ ಆ ಕಂಪನಿಯ ಯಜಮಾನ ಸಂಪತ್‌ನಿಂದ ವಿಷಯ ತಿಳಿದು, ಸಂತೋಷದಿಂದ ನಮ್ಮ ಕಫೀಲರಿಗೆ ಫೋನ್ ಮಾಡಿದ್ದ: ನಿಮ್ಮ ಭಾರತೀಯ ಎಂಜಿನಿಯರ್ ಬೆಳಿಗ್ಗೆಯೇ ಎಚ್ಚರಿಸಿದ, ನಮ್ಮದೆಲ್ಲ ಉಳಿಯಿತು, ದೇವರು ನಿಮಗೆ ಒಳ್ಳೆಯದು ಮಾಡಲಿ. ತನ್ನ ಮನೆ ಸುಟ್ಟ ಸುದ್ದಿ ಕಫೀಲರಿಗೆ ನೆರೆಯವನ ಕೃತಜ್ಞತೆಯಿಂದ ತಿಳಿಯಿತು. ಅವರು ಕೇಳಿದ್ದು ಎರಡೇ ಪ್ರಶ್ನೆ. ನಮ್ಮದು ಸತ್ತು ಬಿದ್ದಿರುವಾಗ ಆ ಮನುಷ್ಯ ನಮಗೆ ಹೇಳದೆ ಹೊರಗಿನವರಿಗೆ ಯಾಕೆ ಹೇಳಿದ? ಎಲ್ಲಿಂದ ಬಂತು, ಹೇಗೆ ಬಂತು ಎಂದು ಅಷ್ಟು ಬೇಗ ಅವನಿಗೆ ಹೇಗೆ ಗೊತ್ತಾಯಿತು? ಮಾಡಿದವನಿಗಲ್ಲದೆ ಮತ್ತೆ ಯಾರಿಗೆ ಗೊತ್ತಿರುತ್ತದೆ? ಅದೂ ಎರಡು ದಿನದಲ್ಲಿ ದೇಶ ಬಿಡುವವನಿಗೆ?

ಮುದೀರ್ ನನ್ನ ಕಡೆ ನೋಡಿದರು. "ಯಾ ಮೂಸಾ, ಬೆಳಿಗ್ಗೆ ಮೊದಲ ಫೋನ್ ಯಾರಿಗೆ?"

"ರಿಯಾದಿಗೆ," ಎಂದೆ. "ಆಮೇಲೆ ಖಮೀಸಿಗೆ. ಆಮೇಲೆ ನಿಮಗೆ. ನಮ್ಮದು ಸತ್ತಾಗಿತ್ತು ಅಬೂ ತಲಾಲ್. ಅವರದ್ದು ಬದುಕಿತ್ತು."

ಅವರು ನನ್ನ ಮಾತನ್ನು ಹಾಗೆಯೇ ಫೋನಿನಲ್ಲಿ ಹೇಳಿದರು. ಕೊನೆಯ ಎರಡು ಮಾತು ಆ ಕಡೆಯವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮಂಗಳವಾರ ಲಿಂಗರಾಜುವಿನ ಪಾಸ್‌ಪೋರ್ಟು ಕಬ್ಬಿಣದ ಪೆಟ್ಟಿಗೆಯಿಂದ ಹೊರಗೆ ಬಂತು, ಅವರ ಕೈಗಲ್ಲ. ಲಕೋಟೆಯೊಳಗೆ ಸೇರಿ ಜಿದ್ದಾಕ್ಕೆ ಹೋಯಿತು. ವಿಚಾರಣೆ ಮುಗಿಯುವವರೆಗೆ ಅಲ್ಲೇ. ಪೊಲೀಸು, ಬೇಡಿ ಎಂದೇನೂ ಇಲ್ಲ. ಉಂಡು ಮಲಗಲು ಅಡ್ಡಿಯಿಲ್ಲ, ಹೊರಡಲು ಮಾತ್ರ ಇಲ್ಲ.

ಅದೇ ದಿನ ಮಧ್ಯಾಹ್ನ ಸಂಪತ್ ಫ್ಯಾಕ್ಸ್ ಕಳಿಸಿದ. ಅಮೆರಿಕದ ತಂಡದ ಉತ್ತರ. ಯಾನ್ಬುವಿನಿಂದ ಬಂದ ವರದಿಗೆ ವಂದನೆ, ಇಂಥದೇ ಬೇರೆ ಬೇರೆ ದೇಶಗಳಿಂದ ಬರುತ್ತಿವೆ, ನೀವು ಹೇಳಿದ ಸೀಡಿಯ ವಿಷಯ ಉಳಿದ ತಂಡಗಳಿಗೆ ದಾಟಿಸಿದ್ದೇವೆ. ಮೇಲೆ ಒಂದು ಉದ್ದದ ನಂಬರು. ಇನ್ನು ಮುಂದೆ ಬರೆಯುವಾಗ ಈ ನಂಬರು ನಮೂದಿಸಿ ಎಂದಿತ್ತಂತೆ.

ನೂರುದ್ದೀನ್ ಅದನ್ನು ಅರಬಿಗೆ ಇಳಿಸಿದ. ಈ ಸಲ ಪ್ರತಿಯೊಂದು ತಾರೀಕನ್ನೂ ಎರಡೂ ಲೆಕ್ಕದಲ್ಲಿ, ತಿಂಗಳ ಹೆಸರು, ಇಸವಿ ಸಮೇತ ಬರೆದ. ಮುದೀರ್ ಓದಿ, "ಇದು ಇವನ ಕೆಲಸವಲ್ಲ ಎಂದು ನನಗೆ ನಿನ್ನೆಯೇ ಗೊತ್ತು" ಎಂದರು. ತಾವೇ ಜಿದ್ದಾಕ್ಕೆ ಕಳಿಸಿದರು. ಕಫೀಲ್ ಕೈರೋಕ್ಕೆ ಹೋಗಿದ್ದಾರೆ, ಬಂದ ಮೇಲೆ ನೋಡುತ್ತಾರೆ ಎಂದು ಉತ್ತರ. ಬುಧವಾರ ವಿಮಾನ ಹೋಯಿತು. ಗುರುವಾರ, ಶುಕ್ರವಾರ ರಜೆ.

ಆ ಮೇಲೆ ಲಿಂಗರಾಜುವಿಗೆ ಆಫೀಸಿನಲ್ಲಿ ಕೆಲಸವಿರಲಿಲ್ಲ, ಯಾವ ಯಂತ್ರವನ್ನೂ ಮುಟ್ಟಬಾರದೆಂದು ಆಜ್ಞೆ. ಜಿದ್ದಾದಿಂದ ಯಾರೋ ಬಂದು ರಿಪೇರಿ ಮಾಡುತ್ತಿದ್ದರು. ಇವರು ಬೆಳಿಗ್ಗೆ ಬಂದು ನನ್ನ ಕೋಣೆಯ ಸ್ಟೂಲಿನ ಮೇಲೆ ಕುಳಿತರೆ ಸಂಜೆಯವರೆಗೆ ಅಲ್ಲೇ.

"ಮನೆಗೆ ಹೇಳಿದ್ರಾ?" ಎಂದು ಕೇಳಿದೆ.

"ಟಿಕೆಟ್ ಸಿಗಲಿಲ್ಲ ಅಂದಿದೀನಿ ಕಾಕಾ. ಈ ಹೊತ್ತಲ್ಲಿ ಅವಳಿಗೆ ಇದೆಲ್ಲಾ..."

ಮುದೀರ್ ನನ್ನ ಕೋಣೆಯ ಮುಂದೆ ಹಾದುಹೋಗುವಾಗ ಬೇರೆ ಕಡೆ ನೋಡಲು ಕಲಿತರು. ಒಂದು ದಿನ ನಿಂತು, "ಮೂಸಾ, ಅವನಿಗೆ ಹೇಳು. ನನ್ನ ಕೈಯಲ್ಲಿದ್ದಿದ್ದರೆ ಇವತ್ತೇ" ಎಂದು ಎರಡೂ ಅಂಗೈ ಮಗುಚಿ ತೋರಿಸಿದರು. ಆ ಅಂಗೈ ಬರಿದಾಗಿತ್ತು. ಕಫೀಲರಿಗೆ ಸುಳ್ಳು ಹೇಳಿದವರು ಯಾರೂ ಇರಲಿಲ್ಲ, ಲಿಂಗರಾಜುವಿನ ಮೇಲೆ ಹಗೆ ಇದ್ದವರೂ ಯಾರೂ ಇರಲಿಲ್ಲ. ಆದರೂ ಪಾಸ್‌ಪೋರ್ಟು ಜಿದ್ದಾದಲ್ಲಿತ್ತು.

ದಿನ ತುಂಬುವ ಮೊದಲೇ ಮೈಸೂರಿನಿಂದ ಫೋನ್ ಬಂತು. ರತ್ನಪ್ರಭಾ ಅವರ ತಮ್ಮ. ಆಸ್ಪತ್ರೆಗೆ ಸೇರಿಸಿದ್ದೇವೆ, ರಕ್ತ ಹೋಗುತ್ತಿದೆ, ಕೊಯ್ದು ತೆಗೆಯಬೇಕಂತೆ. ಲಿಂಗರಾಜು ರಿಸೀವರ್ ಇಟ್ಟು ನಿಂತರು. ಎಲ್ಲಿಗೋ ಹೋಗುವವರ ಹಾಗೆ ಬಾಗಿಲವರೆಗೆ ಹೋಗಿ ಮತ್ತೆ ಬಂದು ಕುಳಿತರು. ನಾನು ಅವರನ್ನು ಕೇಳಲಿಲ್ಲ. ನಾನೇ ಒಲಾಯಾಕ್ಕೆ ಹಾಕಿದೆ, ನಾನೇ ಖಮೀಸಿಗೆ ಹಾಕಿದೆ.

ಆ ದಿನ ಆ ಬೋರ್ಡು ಸುಮ್ಮನಾಗಲಿಲ್ಲ. ಸಂಪತ್‌ನ ಚಿಕ್ಕಪ್ಪನ ಮಗ ಮೈಸೂರಿನಲ್ಲಿದ್ದ, ಅವನು ರಕ್ತ ಕೊಡಲು ಇಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಜ್ಯೋತ್ಸ್ನಾ ಖಮೀಸಿನಿಂದ ನೇರ ಮೈಸೂರಿನ ವಾರ್ಡಿಗೆ ಫೋನ್ ಮಾಡಿ ಅಲ್ಲಿಯ ನರ್ಸಿನ ಹತ್ತಿರ ಮಾತಾಡಿ, ಡಾಕ್ಟರು ಹೇಳಿದ್ದನ್ನು ಬಿಡಿಸಿ ಇವರಿಗೆ ಹೇಳಿದರು. ಜುಬೈಲಿನಿಂದ ಯಾರೋ, ನಮ್ಮ ಅತ್ತೆ ಆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇದ್ದಾರೆ, ಊಟ ಕಳಿಸುತ್ತಾರೆ ಎಂದರು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ದೂರದಿಂದ ಏನು ಮಾಡಬಹುದೋ ಅದನ್ನೆಲ್ಲ ಮಾಡಿದರು. ನಡುವೆ ಲಿಂಗರಾಜು ಸ್ಟೂಲಿನ ಮೇಲೆ, ಕಾಲ ಬಳಿ ಗೊಂಬೆಯ ಪೆಟ್ಟಿಗೆ.

ಸಂಜೆ ಹೆಣ್ಣುಮಗು. ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಆದರೆ ಅತ್ತಿದೆ. ತಾಯಿಗೆ ಅಪಾಯವಿಲ್ಲ. ನೂರುದ್ದೀನ್ ಅಂಗಡಿಗೆ ಓಡಿಹೋಗಿ ಮಿಠಾಯಿ ತಂದ. ಲಿಂಗರಾಜುವಿನ ಬಾಯಿಗೆ ತಾನೇ ಇಟ್ಟು, ಅವರ ಮುಖ ನೋಡದೆ ಹೊರಗೆ ಹೋದ.

ರತ್ನಪ್ರಭಾ ಅವರೇ ಮಾತಾಡಿದ್ದು ಕೆಲವು ದಿನ ಬಿಟ್ಟು, ಮನೆಗೆ ಬಂದ ಮೇಲೆ. "ಕಾಕಾ, ಅವರಿದ್ದಾರಾ?" ಎಂದರು. ಕೊಟ್ಟು ನಾನು ಹೊರಗೆ ಹೋದೆ. ಬಂದಾಗ ಮಾತು ಮುಗಿದಿತ್ತು. ರಿಸೀವರ್ ಇನ್ನೂ ಲಿಂಗರಾಜುವಿನ ಕೈಯಲ್ಲೇ ಇತ್ತು, ತೆಗೆದು ಜಾಗದಲ್ಲಿಟ್ಟೆ.

"ಎಲ್ಲಾ ಗೊತ್ತಾಗಿದೆ ಅವಳಿಗೆ," ಎಂದರು. "ಆಸ್ಪತ್ರೆಗೆ ಬಂದವರೆಲ್ಲ ಹೊಗಳಿದ್ರಂತೆ. ನಿಮ್ಮ ಯಜಮಾನರು ಆವತ್ತು ಬೆಳಿಗ್ಗೆ ಫೋನ್ ಮಾಡಿ ನಮ್ಮವರನ್ನೆಲ್ಲ ಉಳಿಸಿದ್ರು ಅಂತ. ಜ್ಯೋತ್ಸ್ನಾನ ಕೇಳಿದ್ಲಂತೆ, ಅವಳು ಪೂರ್ತಿ ಹೇಳಿದಾಳೆ."

ನಾನು ಕೆಟ್ಲಿಗೆ ನೀರು ತುಂಬಿದೆ.

"ಬೈಲಿಲ್ಲ ಕಾಕಾ. ಬೈದಿದ್ರೆ ಚೆನ್ನಾಗಿತ್ತು. 'ಅವರಿಗೆಲ್ಲ ಹೇಳಿದ್ದು ಸರಿ, ಬೇಡ ಅನ್ನಲ್ಲ. ಆ ಸಾಲಿನಲ್ಲಿ ನಾನು ಎಷ್ಟನೆಯವಳು?' ಅಂತ ಕೇಳಿದ್ಲು. ಅಷ್ಟೇ. ಆಮೇಲೆ ಮಗು ಅತ್ತಿತು, ಇಟ್ಬಿಟ್ಲು."

ಚಹಾ ಮಾಡಿದೆ. ಅವರ ಮುಂದೆ ಇಟ್ಟೆ. ಪಾಸ್‌ಪೋರ್ಟು ಬಂದದ್ದು ಬಹಳ ಆಮೇಲೆ, ಊರಿನಲ್ಲಿ ಮಳೆ ಹಿಡಿದ ಮೇಲೆ. ಲಕೋಟೆಯೊಳಗೆ ಕ್ಷಮೆಯೂ ಇರಲಿಲ್ಲ, ದೂರೂ ಇರಲಿಲ್ಲ. ಆದರೆ ಆ ದಿನ ನಮಗೆ ಅದೂ ಗೊತ್ತಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು, ಬೋರ್ಡು ಹೊಡೆಯಿತು.

ಗುರುತಿಲ್ಲದ ಸ್ವರ, ಮಂಗಳೂರು ಕಡೆಯ ಕನ್ನಡ. ತಬೂಕಿನಿಂದಂತೆ. "ಲಿಂಗರಾಜು ಅಂತ ಎಂಜಿನಿಯರ್ರು ಇದ್ದಾರಾ? ನಮ್ಮ ಕಂಪ್ಯೂಟರು ನಿನ್ನೆ ಮೊನ್ನೆಯಿಂದ ಏಳ್ತಾ ಇಲ್ಲ ಮಾರಾಯ್ರೆ. ಯಾರಿಗೆ ಕೇಳಿದ್ರೂ ಅವ್ರ ಹೆಸ್ರೇ ಹೇಳ್ತಾರೆ."

ರಿಸೀವರಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಅವರ ಕಡೆ ನೋಡಿದೆ. ಇಲ್ಲ ಎಂದು ಹೇಳಲೇ ಎಂದು ಕಣ್ಣಿನಲ್ಲೇ ಕೇಳಿದೆ. ಅವರು ಮೇಜಿನ ಕೆಳಗಿನ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಕೈ ಚಾಚಿದರು.

"ಹೇಳಿ," ಎಂದರು ಫೋನಿನಲ್ಲಿ. "ನಿಧಾನವಾಗಿ ಹೇಳಿ. ಹಾಕಿದಾಗ ಮೊದಲು ಏನು ಕಾಣಿಸ್ತು?"